ಮುದ್ರೆ ನೋಡಿ ತಿನ್ನುವವರು, ಪಟ್ಟಿ ಓದಿ ತಿನ್ನುವವರು

ನ್ಯೂಜೆರ್ಸಿಯ ಎಡಿಸನ್ ಮತ್ತು ಹೈಲ್ಯಾಂಡ್ ಪಾರ್ಕ್ ಅಕ್ಕಪಕ್ಕದ ಊರುಗಳು. ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ನಮ್ಮ ಕಡೆಯ ಅಂಗಡಿಗಳ ಸಾಲು, ಹೈಲ್ಯಾಂಡ್ ಪಾರ್ಕಿನಲ್ಲಿ ಯೆಹೂದಿ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳು. ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುವ ಗಿರಾಕಿಗಳು ಎರಡೂ ಕಡೆಯಿಂದ ಬರುತ್ತಾರೆ. ಸಸ್ಯಾಹಾರಿ ಕನ್ನಡಿಗರು ಜೆಲಟಿನ್ ಇದೆಯೇ ಎಂದು ಹುಡುಕಿದರೆ, ತಮ್ಮ ಧರ್ಮದ ಆಹಾರ ನಿಯಮವಾದ ಕೋಷರ್ ಪಾಲಿಸುವ ಯೆಹೂದಿಗಳಲ್ಲಿ ಹಲವರು ಮೂಲೆಯಲ್ಲಿರುವ ಪುಟ್ಟ ವೃತ್ತ, ಅದರೊಳಗಿನ ‘ಯು’ ಅಕ್ಷರ ಕಂಡರೆ ಸಾಕು, ಗಾಡಿಗೆ ಹಾಕಿಕೊಳ್ಳುತ್ತಾರೆ. ಅದು ಇಲ್ಲದಿದ್ದರೆ ಪೊಟ್ಟಣ ಮತ್ತೆ ಕಪಾಟಿಗೆ. ಇನ್ನು ಕೆಲವರು ಸಾಮಗ್ರಿಗಳ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದುತ್ತಾರೆ, ನಿಷಿದ್ಧವಾದದ್ದು ಏನೂ ಕಾಣದಿದ್ದರೆ ಮುದ್ರೆ ಇಲ್ಲದೆಯೂ ಕೊಳ್ಳುತ್ತಾರೆ. ಇಬ್ಬರೂ ಕೋಷರ್ ನಿಯಮವನ್ನು ಮನಸ್ಸಿಟ್ಟು ನಡೆಸುವವರೇ. ಯಾರ ಮಾತನ್ನು ನಂಬಿ ತಿನ್ನಬೇಕು ಎಂಬಲ್ಲಿ ಮಾತ್ರ ಅವರ ದಾರಿ ಬೇರೆಯಾಗುತ್ತದೆ.

ನಿಯಮಗಳ ಬುಡ ಯೆಹೂದಿ ಧರ್ಮಗ್ರಂಥ ತೋರಾದಲ್ಲಿದೆ. ಗೊರಸು ಸೀಳಿದ, ಮೆಲುಕು ಹಾಕುವ ಪ್ರಾಣಿ ಆಗುತ್ತದೆ, ಹಂದಿ ಆಗುವುದಿಲ್ಲ. ಹುರುಪೆ, ಈಜುರೆಕ್ಕೆ ಇರುವ ಮೀನು ಆಗುತ್ತದೆ, ಸಿಗಡಿ ಏಡಿ ಆಗುವುದಿಲ್ಲ. ಮಾಂಸ ವಿಧಿಪ್ರಕಾರ ಕೊಯ್ದು, ಉಪ್ಪು ಹಚ್ಚಿ ರಕ್ತ ಹೀರಿಸಿದ್ದಾಗಿರಬೇಕು. ಮಾಂಸ ಮತ್ತು ಹಾಲು ಒಂದೇ ಪಾತ್ರೆಯಲ್ಲಿ, ಒಂದೇ ಊಟದಲ್ಲಿ ಕೂಡುವಂತಿಲ್ಲ. ಮಾಂಸ ತಿಂದ ಮೇಲೆ ಹಾಲಿನ ಪದಾರ್ಥ ಮುಟ್ಟಲು ಬಹಳ ಜನ ಆರು ಗಂಟೆ ಕಾಯುತ್ತಾರೆ, ಜರ್ಮನ್ ಮೂಲದವರಿಗೆ ಮೂರು, ಡಚ್ ಮೂಲದವರಿಗೆ ಒಂದೇ ಗಂಟೆ ಸಾಕು. ಮಾಂಸವೂ ಹಾಲೂ ಅಲ್ಲದ್ದನ್ನು ಪಾರೆವ್ ಎನ್ನುತ್ತಾರೆ. ಹುಳುಹುಪ್ಪಟೆ ನಿಷಿದ್ಧ. ಇವುಗಳ ಜೊತೆಗೆ ಇನ್ನೊಂದು ತತ್ವವಿದೆ. ಬಿಸಿ ಅಡುಗೆಯ ರುಚಿ ಪಾತ್ರೆಗೆ ಇಳಿಯುತ್ತದೆ, ಪಾತ್ರೆಯಿಂದ ಮುಂದಿನ ಅಡುಗೆಗೆ ಏರುತ್ತದೆ. ಮಡಿ ಅಡುಗೆಮನೆ ನೋಡಿದವರಿಗೆ ಇದು ತೀರಾ ಅಪರಿಚಿತ ತರ್ಕವೇನಲ್ಲ. ಮನೆಯಲ್ಲಿ ಇದನ್ನು ಪಾಲಿಸಲು ಎರಡು ಜೊತೆ ಪಾತ್ರೆ ಸಾಕು. ಕಾರ್ಖಾನೆಯಲ್ಲಿ ಎಲ್ಲವೂ ತೊಡಕು.

ಮುದ್ರೆ ಬೇಕು ಎನ್ನುವವರ ಬಲವಾದ ವಾದ ಇಲ್ಲಿಂದಲೇ ಹುಟ್ಟುತ್ತದೆ. ಅಮೆರಿಕದ ಕಾನೂನು ಪೊಟ್ಟಣದ ಮೇಲೆ ಸಾಮಗ್ರಿಗಳ ಪಟ್ಟಿ ಕೇಳುತ್ತದೆ, ನಿಜ. ಆದರೆ ಆ ಪಟ್ಟಿ ರೂಪುಗೊಂಡಿರುವುದು ಆರೋಗ್ಯದ ಪ್ರಶ್ನೆಗಳಿಗಾಗಿ. ‘ನ್ಯಾಚುರಲ್ ಫ್ಲೇವರ್’ ಎಂಬ ಎರಡು ಪದಗಳ ಹಿಂದೆ ಹತ್ತಾರು ವಸ್ತುಗಳು ಇರಬಹುದು. ಮೋನೋ ಮತ್ತು ಡೈಗ್ಲಿಸರೈಡ್‌ಗಳು ಸೋಯಾ ಎಣ್ಣೆಯಿಂದ ಬಂದವೋ ದನದ ಕೊಬ್ಬಿನಿಂದ ಬಂದವೋ ಎಂದು ಕಂಪನಿ ಹೇಳಬೇಕಾಗಿಲ್ಲ. ತಯಾರಿಕೆಯ ಹಾದಿಯಲ್ಲಿ ಬಳಸಿ, ಕೊನೆಗೆ ಅತ್ಯಲ್ಪ ಉಳಿಯುವ ವಸ್ತುಗಳನ್ನು ಪಟ್ಟಿಯಿಂದ ಬಿಡಬಹುದು. ಕೀಟದಿಂದ ತೆಗೆದ ಕೆಂಪು ಬಣ್ಣ ಕಾರ್ಮೈನನ್ನು ಹೆಸರಿಟ್ಟು ನಮೂದಿಸುವುದು ಅಲ್ಲಿ ಕಡ್ಡಾಯವಾಗಿದ್ದೇ 2011ರಲ್ಲಿ. ಇನ್ನು ಅದೇ ಕೊಪ್ಪರಿಗೆಯಲ್ಲಿ ನಿನ್ನೆ ಹಂದಿಮಾಂಸದ ಸೂಪು ಕುದಿದಿತ್ತೇ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಅಟ್ಲಾಂಟಾದ ಯೆಹೂದಿ ಧರ್ಮಗುರು, ರಬ್ಬಿ ತೋಬಿಯಾಸ್ ಗೆಫೆನ್ ಅವರ ಕಥೆಯನ್ನು ಈ ಪಕ್ಷದವರು ಪ್ರೀತಿಯಿಂದ ಹೇಳುತ್ತಾರೆ. ಕೋಕಾ-ಕೋಲಾ ಹುಟ್ಟಿದ್ದು ಅವರ ಊರಿನಲ್ಲಿ. ಹಾಗಾಗಿ ಅದನ್ನು ಕುಡಿಯಬಹುದೇ ಎಂದು ಬೇರೆ ಊರಿನ ರಬ್ಬಿಗಳೂ ಅವರನ್ನೇ ಕೇಳತೊಡಗಿದರು. ಗುಟ್ಟು ಬಿಡುವುದಿಲ್ಲ ಎಂಬ ಮಾತಿನ ಮೇಲೆ ಕಂಪನಿ ಸಾಮಗ್ರಿಗಳನ್ನು ತೋರಿಸಿತು. ಅದರಲ್ಲಿ ವಿಧಿಪ್ರಕಾರ ಕೊಯ್ಯದ ದನದ ಕೊಬ್ಬಿನಿಂದ ತೆಗೆದ ಗ್ಲಿಸರಿನ್ ಇತ್ತು, ತೀರಾ ಅಲ್ಪ ಪ್ರಮಾಣದಲ್ಲಿ. ನಿಷಿದ್ಧ ವಸ್ತು ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ ಅದು ಇಲ್ಲದಂತೆಯೇ ಲೆಕ್ಕ ಎಂಬ ವಿನಾಯಿತಿ ಯೆಹೂದಿ ಧರ್ಮಶಾಸ್ತ್ರದಲ್ಲಿದೆ. ಆ ವಿನಾಯಿತಿ ಆಕಸ್ಮಿಕವಾಗಿ ಬಿದ್ದದ್ದಕ್ಕೆ, ಬೇಕೆಂದೇ ಹಾಕಿದ್ದಕ್ಕೆ ಸಲ್ಲದು ಎಂದರು ಗೆಫೆನ್. ಕಂಪನಿ ಸಸ್ಯಮೂಲದ ಗ್ಲಿಸರಿನ್‌ಗೆ ಬದಲಾಯಿತು, 1935ರಲ್ಲಿ ಅವರು ಒಪ್ಪಿಗೆಯ ತೀರ್ಪು ಬರೆದರು. ತೀರ್ಪಿನಲ್ಲಿ ಕೂಡ ಆ ವಸ್ತುವಿಗೆ ಮರೆಹೆಸರು ಇಟ್ಟು ಕೊಟ್ಟ ಮಾತು ಉಳಿಸಿಕೊಂಡರು. ಬಾಟಲಿಯ ಹೊರಮೈ ಓದಿ ಯಾರಿಗೂ ಇದು ತಿಳಿಯುವ ಹಾಗಿರಲಿಲ್ಲ.

ಓರಿಯೋ ಬಿಸ್ಕತ್ತಿನದೂ ಇಂಥದೇ ಪಾಠ. ಅದರ ಕ್ರೀಮಿನಲ್ಲಿ ಹಿಂದೆ ಹಂದಿಕೊಬ್ಬು ಇತ್ತು. ಕೊಬ್ಬನ್ನು ತೆಗೆದುಹಾಕಿದ ಕೂಡಲೇ ಅದು ಕೋಷರ್ ಆಗಲಿಲ್ಲ. ನೂರಾರು ಅಡಿ ಉದ್ದದ ಒಲೆಗಳನ್ನು ಬೆಂಕಿಯ ಜ್ವಾಲೆಯಿಂದ ಸುಟ್ಟು ಶುದ್ಧ ಮಾಡಬೇಕಾಯಿತು, ಮುದ್ರೆ ಸಿಕ್ಕಿದ್ದು 1997ರಲ್ಲಿ. ಪಟ್ಟಿ ಓದುವವರು ಈ ನಡುವಿನ ಅವಧಿಯಲ್ಲಿ ಆ ಬಿಸ್ಕತ್ತನ್ನು ನಿಶ್ಚಿಂತೆಯಿಂದ ತಿಂದಿರಬಹುದು.

ನಮ್ಮ ನೆಲಕ್ಕೂ ಈ ಜಾಲದ ಒಂದು ಎಳೆ ತಾಗುತ್ತದೆ. ತುಮಕೂರು, ಹಾಸನದ ಕಡೆಯ ರೈತರು ಬೆಳೆಯುವ ಮಿಡಿಸೌತೆ ಡ್ರಮ್ಮುಗಳಲ್ಲಿ ಉಪ್ಪುನೀರು ಅಥವಾ ವಿನೆಗರ್ ಸೇರಿ ಹೊರದೇಶಕ್ಕೆ ಹೋಗುತ್ತದೆ. ಹಲವು ರಫ್ತು ಘಟಕಗಳು ಕೋಷರ್ ಪ್ರಮಾಣಪತ್ರ ಇಟ್ಟುಕೊಂಡಿವೆ. ಸೌತೆಕಾಯಿಗೆ ಪ್ರಮಾಣಪತ್ರ ಯಾಕೆ ಎಂದು ಕೇಳಬಹುದು. ಪ್ರಶ್ನೆ ಇರುವುದು ವಿನೆಗರಿನಲ್ಲಿ. ದ್ರಾಕ್ಷಾರಸದಿಂದ ಇಳಿಸಿದ್ದಾದರೆ ಅದಕ್ಕೆ ಬೇರೆಯೇ ಕಟ್ಟುನಿಟ್ಟು.

ಪಟ್ಟಿ ಓದುವವರ ಕಡೆಗೂ ಹಗುರಾದ ಮಾತುಗಳಿಲ್ಲ. ಅವರು ಶಾಸ್ತ್ರವನ್ನೇ ಮುಂದಿಡುತ್ತಾರೆ. ತಿನ್ನಬಹುದೋ ಬಾರದೋ ಎಂಬ ವಿಷಯದಲ್ಲಿ ನಂಬಿಕಸ್ಥ ಒಬ್ಬನ ಸಾಕ್ಷಿ ಸಾಕು ಎನ್ನುತ್ತದೆ ಯೆಹೂದಿ ಶಾಸ್ತ್ರಗ್ರಂಥ ತಾಲ್ಮುದ್. ಶತಮಾನಗಳ ಕಾಲ ಯೆಹೂದಿ ಅಡುಗೆಮನೆ ನಡೆದದ್ದು ಈ ನಂಬಿಕೆಯ ಮೇಲೆ. ಮನೆಯೊಡತಿಗೆ ನಿಯಮ ಗೊತ್ತಿತ್ತು, ಸಂಶಯ ಬಂದರೆ ಕೋಳಿಯನ್ನು ಎತ್ತಿಕೊಂಡು ರಬ್ಬಿಯ ಬಾಗಿಲಿಗೆ ಹೋಗುತ್ತಿದ್ದಳು. ಹೈಂಜ್ ಕಂಪನಿಯ ಬೇಕ್ಡ್ ಬೀನ್ಸ್ ಡಬ್ಬಿ 1923ರಲ್ಲಿ, ವೃತ್ತದೊಳಗಿನ ‘ಯು’ ಮುದ್ರೆ ಕೊಡುವ ಆರ್ಥಡಾಕ್ಸ್ ಯೂನಿಯನ್ನಿನ ಮೇಲ್ವಿಚಾರಣೆಗೆ ಬಂದಾಗಿನಿಂದ ಆ ಅರಿವು ಮನೆಯಿಂದ ಕಚೇರಿಗೆ ಸರಿಯಿತು ಎಂಬುದು ಇವರ ಕೊರಗು. ಇಂದು ಬಾಟಲಿ ನೀರಿಗೂ ಅಲ್ಯೂಮಿನಿಯಂ ಹಾಳೆಗೂ ಮುದ್ರೆ ಇದೆ. ಸಾದಾ ನೀರು, ಸಕ್ಕರೆ, ಉಪ್ಪಿಗೆ ಮುದ್ರೆ ಬೇಡ ಎಂದು ಪ್ರಮಾಣ ಕೊಡುವ ಸಂಸ್ಥೆಗಳೇ ಹೇಳುತ್ತವೆ, ಆದರೂ ಕಪಾಟಿನಲ್ಲಿ ಮುದ್ರೆ ಇರುವ ನೀರೇ ಹೆಚ್ಚು ಶುದ್ಧ ಎಂಬ ಭಾವ ಬೆಳೆದುಬಿಡುತ್ತದೆ. ಶಾಸ್ತ್ರದಲ್ಲಿ ಇರುವ ಸಡಿಲಿಕೆಗಳು ಬಳಕೆಯಿಂದ ಮರೆಯಾಗುತ್ತವೆ. ಒಂದು ದಿನ ಪೂರ್ತಿ ಬಳಸದೆ ಬಿಟ್ಟ ಪಾತ್ರೆಯೊಳಗಿನ ರುಚಿ ಕೆಟ್ಟುಹೋಗುತ್ತದೆ, ಅದು ಮುಂದಿನ ಅಡುಗೆಯನ್ನು ನಿಷಿದ್ಧ ಮಾಡುವುದಿಲ್ಲ ಎಂಬ ನಿಯಮ ಎಷ್ಟು ಜನಕ್ಕೆ ನೆನಪಿದೆ ಎಂದು ಅವರು ಕೇಳುತ್ತಾರೆ.

ಚೀಸ್ ವಿಷಯದಲ್ಲಿ ಕನ್ಸರ್ವೇಟಿವ್ ಪಂಥದ ರಬ್ಬಿ ಐಸಾಕ್ ಕ್ಲೈನ್ ಇದೇ ದಾರಿ ಹಿಡಿದರು. ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಜಠರದಿಂದ ಬಂದರೂ, ರಾಸಾಯನಿಕ ಸಂಸ್ಕಾರದಲ್ಲಿ ಅದು ಆಹಾರದ ಗುಣವನ್ನೇ ಕಳೆದುಕೊಂಡಿರುತ್ತದೆ ಎಂದು ಅವರ ತೀರ್ಪು. ಆ ಪಂಥದ ಬಹಳ ಮನೆಗಳಲ್ಲಿ ಮುದ್ರೆಯಿಲ್ಲದ ಚೀಸ್ ಬರುತ್ತದೆ. ಹೆಚ್ಚು ಕಟ್ಟುನಿಟ್ಟಿನ ಪಂಥದವರಾದ ಆರ್ಥಡಾಕ್ಸರು ಒಪ್ಪುವುದಿಲ್ಲ.

ಈ ಎರಡು ಪಕ್ಷಗಳ ನಡುವೆ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಆರ್ಥಡಾಕ್ಸರೇ ತಲೆಬಾಗುವ ರಬ್ಬಿ ಮೋಶೆ ಫೈನ್‌ಸ್ಟೈನ್ ಹಾಲಿನ ಬಗ್ಗೆ ಕೊಟ್ಟ ತೀರ್ಪು. ಹಾಲು ಕರೆಯುವುದನ್ನು ಯೆಹೂದಿಯೊಬ್ಬ ನೋಡಬೇಕು, ಇಲ್ಲವಾದರೆ ನಿಷಿದ್ಧ ಪ್ರಾಣಿಯ ಹಾಲು ಬೆರೆತಿರಬಹುದು ಎಂಬುದು ಹಳೆಯ ಕಟ್ಟಳೆ. ಅಮೆರಿಕದಲ್ಲಿ ಸರ್ಕಾರ ಡೇರಿಗಳನ್ನು ತಪಾಸಣೆ ಮಾಡುತ್ತದೆ, ಬೆರಕೆಗೆ ದಂಡ ಹಾಕುತ್ತದೆ, ಈ ಖಚಿತತೆ ಕಣ್ಣಾರೆ ಕಂಡದ್ದಕ್ಕೆ ಸಮ ಎಂದರು ಅವರು. ಹೆಚ್ಚಿನ ನಿಷ್ಠೆ ಬಯಸುವವರು ಕಾವಲಿನ ಹಾಲನ್ನೇ ಕುಡಿಯಲಿ ಎಂದೂ ಸೇರಿಸಿದರು. ಸರ್ಕಾರವನ್ನು ಸಾಕ್ಷಿಯಾಗಿ ಒಪ್ಪಬಹುದಾದರೆ ಪಟ್ಟಿಯನ್ನು ಯಾಕೆ ಒಪ್ಪಬಾರದು ಎಂದು ಪಟ್ಟಿಯವರು ಕೇಳುವುದು ನ್ಯಾಯವೇ. ಆದರೆ ಸಾಕ್ಷಿ ತಾನು ನೋಡಿದ್ದನ್ನು ಮಾತ್ರ ಹೇಳಬಲ್ಲ. ಹಾಲಿನಲ್ಲಿ ಬೆರಕೆ ಇದೆಯೇ ಎಂದು ಸರ್ಕಾರ ನೋಡುತ್ತದೆ. ಗ್ಲಿಸರೈಡ್ ಯಾವ ಪ್ರಾಣಿಯದು, ಕೊಪ್ಪರಿಗೆಯಲ್ಲಿ ನಿನ್ನೆ ಏನು ಬೆಂದಿತು ಎಂದು ಅದು ನೋಡುವುದೇ ಇಲ್ಲ. ಹಾಗಾಗಿ ಸಂಸ್ಕರಿಸಿದ ತಿನಿಸಿನ ಮಟ್ಟಿಗೆ ನನಗೆ ಮುದ್ರೆಯವರ ವಾದವೇ ಗಟ್ಟಿ ಎನಿಸುತ್ತದೆ. ಅಕ್ಕಿ, ಬೇಳೆ, ಸಕ್ಕರೆಯಂಥ ಸರಳ ವಸ್ತುಗಳಲ್ಲಿ ಪಟ್ಟಿಯವರು ಸರಿ.

ಈ ಮುದ್ರೆಯನ್ನೇ ಆಸರೆ ಮಾಡಿಕೊಳ್ಳುವ ನಮ್ಮ ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಭಾರತದ ಹಸಿರು ಚುಕ್ಕೆ ಕೇಳುವ ಪ್ರಶ್ನೆ ಬೇರೆ, ಇದು ಕೇಳುವ ಪ್ರಶ್ನೆ ಬೇರೆ. ಪಾರೆವ್ ಎಂದಿದ್ದರೂ ಒಳಗೆ ಮೊಟ್ಟೆ ಇರಬಹುದು, ಮೀನೂ ಇರಬಹುದು. ಆಂಚೊವಿ ಮೀನು ಹಾಕಿದ ವೂಸ್ಟರ್ ಸಾಸಿಗೂ ಕೋಷರ್ ಮುದ್ರೆ ಸಿಗುತ್ತದೆ.

ಹೋಟೆಲಿನ ಪ್ರಶ್ನೆ ಪೊಟ್ಟಣದ ಪ್ರಶ್ನೆಗಿಂತ ಕಷ್ಟದ್ದು, ಯಾಕೆಂದರೆ ಅಲ್ಲಿ ಊಟದ ಜೊತೆ ಒಡನಾಟವೂ ಇದೆ. ಮ್ಯಾನ್‌ಹಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಮದ್ರಾಸ್ ಮಹಲ್, ಪೊಂಗಲ್ ಮೊದಲಾದ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳು ಕೋಷರ್ ಪ್ರಮಾಣಪತ್ರ ಪಡೆದು ಹೆಸರು ಮಾಡಿದ್ದವು. ಯೆಹೂದಿಗಳ ಪುಟ್ಟ ಟೋಪಿ ಕಿಪ್ಪಾ ಧರಿಸಿದವರು ಮಸಾಲೆದೋಸೆ ತಿನ್ನಲು ಬರುತ್ತಿದ್ದರು. ಮಾಂಸವೇ ಹೊಗದ ಅಡುಗೆಮನೆಗೆ ಪ್ರಮಾಣಪತ್ರ ಯಾಕೆ ಬೇಕು? ಮುದ್ರೆಯವರ ಉತ್ತರ ಕೇಳುವಂಥದ್ದು. ಚೀಸಿನ ರೆನೆಟ್ ಎಲ್ಲಿಯದು, ವಿನೆಗರ್ ಯಾವುದು ಎಂದು ನೋಡಬೇಕು. ಒಲೆ ಹಚ್ಚುವುದರಲ್ಲಿ ಯೆಹೂದಿಯ ಕೈ ಇರಬೇಕು. ಮಧ್ಯ ಮತ್ತು ಪೂರ್ವ ಯುರೋಪಿನ ಸಂಪ್ರದಾಯದವರಿಗೆ ಆತ ಬೆಂಕಿ ಹೊತ್ತಿಸಿದರೆ ಸಾಕು, ಧರ್ಮಶಾಸ್ತ್ರಕಾರ ಯೋಸೆಫ್ ಕಾರೋ ಅವರನ್ನು ಅನುಸರಿಸುವ, ಸ್ಪೇನ್ ಮೂಲದ ಸಂಪ್ರದಾಯದ ಸೆಫಾರ್ದಿಗಳಿಗೆ ಪಾತ್ರೆಯನ್ನು ಒಲೆಯ ಮೇಲೆ ಇಡುವುದೂ ಆತನೇ ಆಗಬೇಕು. ಇನ್ನು ಸೊಪ್ಪು. ಕೊತ್ತಂಬರಿಯನ್ನು ಸೋಪು ಬೆರೆಸಿದ ನೀರಿನಲ್ಲಿ ನೆನೆಸಿ, ಚೆನ್ನಾಗಿ ಅಲ್ಲಾಡಿಸಿ, ಆ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯನ್ನು ದೀಪದ ಪೆಟ್ಟಿಗೆಯ ಮೇಲೆ ಹರಡಿ ಕೂದಲೆಳೆಯಂಥ ನುಸಿ ಇದೆಯೇ ಎಂದು ಇಂಚಿಂಚೂ ನೋಡುತ್ತಾರೆ. ಒಂದು ಕಂಡರೂ ಮತ್ತೆ ತೊಳೆಯಬೇಕು. ಮೊರದಲ್ಲಿ ಅಕ್ಕಿ ಆರಿಸಿದ ತಲೆಮಾರಿನವರು ಈ ಕೆಲಸಕ್ಕೆ ಗೌರವ ಕೊಡದೆ ಇರಲಾರರು.

ಸಡಿಲವಾಗಿ ನಡೆಯುವವರಲ್ಲೂ ಮೆಟ್ಟಿಲುಗಳಿವೆ. ಕೆಲವರು ಹೊರಗೆ ಹಸಿ ತರಕಾರಿ, ಹಣ್ಣು, ಕಪ್ಪು ಕಾಫಿಯಲ್ಲಿ ನಿಲ್ಲುತ್ತಾರೆ. ಕೆಲವರು ಯಾವ ಹೋಟೆಲಿನಲ್ಲಾದರೂ ಸಸ್ಯಾಹಾರ, ಹಾಲಿನ ಪದಾರ್ಥ, ಕೋಷರ್ ಜಾತಿಯ ಮೀನು ತಿನ್ನುತ್ತಾರೆ, ಮಾಂಸ ಮುಟ್ಟುವುದಿಲ್ಲ. ಅಮೆರಿಕದ ಬಹಳ ಊರುಗಳಲ್ಲಿ ಕೋಷರ್ ಹೋಟೆಲೇ ಇಲ್ಲ. ಸಹೋದ್ಯೋಗಿಗಳ ಜೊತೆ ಊಟ, ಮಗುವಿನ ಗೆಳೆಯನ ಹುಟ್ಟುಹಬ್ಬ, ನಿಯಮ ಪಾಲಿಸದ ಅಣ್ಣತಮ್ಮಂದಿರ ಮನೆಯ ಔತಣ, ಎಲ್ಲಕ್ಕೂ ಬಾರೆನೆಂದು ಹೇಳುತ್ತಾ ಬದುಕುವುದು ಎಷ್ಟು ಭಾರ ಎಂಬುದು ಹೇಳಿದವರಿಗೇ ಗೊತ್ತು. ಕಟ್ಟುನಿಟ್ಟಿನವರು ಎರಡು ಮಾತು ಹೇಳುತ್ತಾರೆ. ಕಿಪ್ಪಾ ಧರಿಸಿದವನು ಅಲ್ಲಿ ಕುಳಿತದ್ದನ್ನು ಕಂಡು ಇನ್ನೊಬ್ಬ ಆ ಹೋಟೆಲು ಕೋಷರ್ ಎಂದುಕೊಳ್ಳುತ್ತಾನೆ ಎಂಬುದು ಒಂದು. ಇನ್ನೊಂದು ಹೆಚ್ಚು ಆಳದ್ದು. ಅನ್ಯರು ಬೇಯಿಸಿದ್ದನ್ನು ತಿನ್ನಬಾರದೆಂಬ ಕಟ್ಟಳೆಯ ಉದ್ದೇಶವೇ ಒಂದೇ ಮೇಜಿನ ಸಲುಗೆ ಮದುವೆಯವರೆಗೆ ಬೆಳೆಯದಿರಲಿ ಎಂಬುದು. ಅಲ್ಪಸಂಖ್ಯಾತರಾಗಿ ಎರಡು ಸಾವಿರ ವರ್ಷ ಉಳಿದ ಜನ ಇಂಥ ಬೇಲಿಗಳಿಂದಲೂ ಉಳಿದರು ಎಂಬುದನ್ನು ಅಲ್ಲಗಳೆಯಲಾಗದು. ಆ ಬೇಲಿಯನ್ನು ಎಲ್ಲಿ ಹಾಕಬೇಕು ಎಂಬುದನ್ನು ಅದರೊಳಗೆ ಬದುಕುವವರೇ ನಿರ್ಧರಿಸಬೇಕು. ಇಲ್ಲಿ ನನ್ನ ತಕ್ಕಡಿ ಯಾವ ಕಡೆಗೂ ವಾಲುವುದಿಲ್ಲ.

ಮುದ್ರೆಯ ಅಧಿಕಾರ ಯಾರದು ಎಂಬಲ್ಲಿ ಮಾತ್ರ ನಾನು ಸುಮ್ಮನಿರಲಾರೆ. ಬರಿಯ ‘ಕೆ’ ಅಕ್ಷರಕ್ಕೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಸಿಗದು, ಯಾರು ಬೇಕಾದರೂ ಹಾಕಿಕೊಳ್ಳಬಹುದು. ವಂಚನೆ ತಡೆಯಲೆಂದು 1915ರಲ್ಲಿ ನ್ಯೂಯಾರ್ಕ್ ರಾಜ್ಯ ಕಾನೂನು ತಂದಿತು. ಅದು ಕೋಷರ್ ಎಂದರೆ ಆರ್ಥಡಾಕ್ಸರ ನಿಯಮ ಎಂದು ಹಿಡಿದಿತ್ತು. ಒಂದು ಪಂಥದ ವ್ಯಾಖ್ಯೆಗೆ ಸರ್ಕಾರ ಬೆನ್ನಾಗಬಾರದು ಎಂದು ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಹೇಳಿತು. ಈಗ ಅಲ್ಲಿ ವ್ಯಾಪಾರಿ ತನಗೆ ಪ್ರಮಾಣ ಕೊಟ್ಟವರು ಯಾರೆಂದು ತಿಳಿಸಬೇಕು, ಒಪ್ಪುವುದು ಬಿಡುವುದು ಗಿರಾಕಿಗೆ ಬಿಟ್ಟದ್ದು. ಇದು ಸರಿಯಾದ ಏರ್ಪಾಡು. ಇಸ್ರೇಲಿನಲ್ಲಿ 1983ರ ಕಾನೂನು ಕೋಷರ್ ಎಂದು ಘೋಷಿಸುವ ಹಕ್ಕನ್ನು ಸರ್ಕಾರಿ ಧರ್ಮಪೀಠವಾದ ಮುಖ್ಯ ರಬ್ಬಿನೇಟಿನ ಕೈಗೆ ಕೊಟ್ಟಿತು. ಹೋಟೆಲುಗಳು ತಾವು ಪಾಲಿಸುವ ನಿಯಮಗಳನ್ನು ವಿವರಿಸಬಹುದು, ಕೋಷರ್ ಎಂದು ಹೇಳಿಕೊಳ್ಳುವಂತಿಲ್ಲ ಎಂಬ ಮಟ್ಟಿನ ಬಿಡುಗಡೆ ಸಿಕ್ಕಿದ್ದು 2017ರಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ. ಮುದ್ರೆಯ ಪರವಾದ ವಾದ ನಿಂತಿರುವುದು ನಂಬಿಕೆಯ ಮೇಲೆ. ಬೇರೆ ಮುದ್ರೆ ಆರಿಸಿಕೊಳ್ಳುವ ದಾರಿಯೇ ಇಲ್ಲದ ಕಡೆ ಆ ವಾದ ಸೊರಗುತ್ತದೆ.

ಮುದ್ರೆ ಏನೇನನ್ನು ನೋಡಬೇಕು ಎಂಬ ಪ್ರಶ್ನೆಯೂ ಇದೆ. 2008ರ ಮೇ 12ರಂದು ಅಯೊವಾದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಕೋಷರ್ ಮಾಂಸದ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳು ದಾಳಿ ಮಾಡಿ 389 ಕಾರ್ಮಿಕರನ್ನು ಬಂಧಿಸಿದರು. ಬಂಧಿತರಲ್ಲಿ ಹೆಚ್ಚಿನವರು ಗ್ವಾಟೆಮಾಲಾದವರು. ಪ್ರಾಣಿ ಕೊಯ್ಯುವ ಕತ್ತಿಯ ಅಲಗಿನ ಮೇಲೆ ಉಗುರು ಆಡಿಸಿ ಸಣ್ಣ ಮುಕ್ಕನ್ನೂ ಹುಡುಕುವ ವ್ಯವಸ್ಥೆ ಆ ಕತ್ತಿಯ ಪಕ್ಕದಲ್ಲಿ ನಿಂತವರ ಕೂಲಿಯನ್ನು ಕೇಳಬೇಡವೇ ಎಂಬ ಪ್ರಶ್ನೆ ಎದ್ದಿತು. ಅದು ಕೋಷರ್ ನಿಯಮದ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ದೇಶದ ಕಾನೂನು ಇದೆ ಎಂದರು ಒಂದು ಕಡೆಯವರು. ತೋರಾ ಕೂಲಿಯವನ ಹಣವನ್ನು ಸಂಜೆಯೊಳಗೆ ಕೊಡು ಎಂದೂ ಹೇಳಿದೆ ಎಂದರು ಇನ್ನೊಂದು ಕಡೆಯವರು. ಆರ್ಥಡಾಕ್ಸ್ ಯುವಕರೇ ಕಟ್ಟಿದ ಉರಿ ಲ್‌ತ್ಸೆದೆಕ್ ಎಂಬ ಸಂಘಟನೆ 2009ರಲ್ಲಿ ತಾವ್ ಹಯೋಶೆರ್ ಎಂಬ ಎರಡನೆಯ ಮುದ್ರೆ ಆರಂಭಿಸಿತು. ಕೋಷರ್ ಪ್ರಮಾಣಪತ್ರ ಇರುವ ಹೋಟೆಲು ಕನಿಷ್ಠ ಕೂಲಿ, ಓವರ್‌ಟೈಮ್, ಬಿಡುವಿನ ಹೊತ್ತು ಸರಿಯಾಗಿ ಕೊಟ್ಟರೆ ಇದನ್ನು ಶುಲ್ಕವಿಲ್ಲದೆ ಕೊಡುತ್ತಿದ್ದರು. ಎರಡನ್ನೂ ಬೇರೆಬೇರೆಯಾಗಿ ಇಟ್ಟದ್ದು ನನಗೆ ಒಪ್ಪಿಗೆ. ಸೊಪ್ಪು ತೊಳೆದದ್ದು ಸರಿಯೇ ಎಂಬುದಕ್ಕೆ ಒಂದು ಮುದ್ರೆ, ತೊಳೆದವನಿಗೆ ಕೂಲಿ ಸಂದಿತೇ ಎಂಬುದಕ್ಕೆ ಇನ್ನೊಂದು ಮುದ್ರೆ ಇದ್ದರೆ ಬಾಗಿಲಲ್ಲಿ ನಿಂತ ಗಿರಾಕಿ ಎರಡನ್ನೂ ಓದಿ ಒಳಗೆ ಹೋಗಬಹುದು.