ಮೇಸ್ತ್ರಿ ಮಗಳು ಬಾಂಡ್ಲಿ ಹಿಡಿದಾಗ

ನಮ್ಮಪ್ಪ ಗಾರೆ ಮೇಸ್ತ್ರಿ. ಶಿರಾ ಕಡೆಯಿಂದ ಬೆಂಗಳೂರಿಗೆ ಬಂದು ಮೂವತ್ತು ವರ್ಷ ಕಂಡವರ ಮನೆ ಕಟ್ಟಿದವನು. ನನ್ನನ್ನು ಮಾತ್ರ ಸೈಟಿನ ಹತ್ತಿರ ಸುಳಿಯೋಕೆ ಬಿಡಲಿಲ್ಲ. ‘ನೀನು ಓದು. ಬಾಂಡ್ಲಿ ಹೊರೋದು ನನ್ನ ತಲೆಗೇ ಮುಗೀಲಿ’ ಅಂತಿದ್ದ. ಓದಿದೆ, ಸಾಫ್ಟ್‌ವೇರ್ ಕೆಲಸ ಸಿಕ್ತು. ಆಮೇಲೆ ನಾನು ಮಾಡಿದ್ದೇನು ಗೊತ್ತಾ? ರಜೆ ಹಾಕಿ, ದುಡ್ಡು ಕಟ್ಟಿ, ವಿಮಾನ ಹತ್ತಿ, ಬಾಂಡ್ಲಿ ಹೊರೋಕೆ ನೇಪಾಳಕ್ಕೆ ಹೋದೆ!

ಅದು 2017ರ ನವೆಂಬರ್. 2015ರ ಏಪ್ರಿಲ್ 25ರಂದು ಅಲ್ಲಿ 7.8 ತೀವ್ರತೆಯ ಭೂಕಂಪ ಆಗಿತ್ತು. ಸತ್ತವರು ಸುಮಾರು ಒಂಬತ್ತು ಸಾವಿರ, ನೆಲಸಮ ಆದ ಮನೆಗಳು ಹತ್ತಿರ ಹತ್ತಿರ ಐದು ಲಕ್ಷ. ಎರಡೂವರೆ ವರ್ಷ ಕಳೆದರೂ ಎಷ್ಟೋ ಕುಟುಂಬಗಳು ತಗಡಿನ ಶೆಡ್ಡಿನಲ್ಲೇ ಇದ್ದವು. ಅಂಥವರಿಗೆ ಮನೆ ಕಟ್ಟಿಕೊಡೋ ಒಂದು ಸಂಸ್ಥೆಯ ಜೊತೆ ನಮ್ಮ ಆಫೀಸಿನ ಹನ್ನೊಂದು ಜನ ಹತ್ತು ದಿನಕ್ಕೆ ಹೊರಟಿದ್ವಿ.

ಅಪ್ಪನಿಗೆ ಹೇಳಿದಾಗ ಅವನು ಬೈಯಲಿಲ್ಲ. ಒಂದೇ ಮಾತು ಕೇಳಿದ: ‘ಅಲ್ಲಿ ಗಾರೆ ಕೆಲಸದೋರು ಇಲ್ವೇನವ್ವಾ?’

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ, ಚೌತಾರಾದಿಂದ ಆಚೆಗಿನ ಒಂದು ಗುಡ್ಡದ ಮೇಲೆ. ಭೂಕಂಪದಲ್ಲಿ ಅತಿ ಹೆಚ್ಚು ಜನ ಸತ್ತ ಜಿಲ್ಲೆ ಅದು. ನಾವು ಕಟ್ಟಬೇಕಿದ್ದ ಮನೆಯ ಯಜಮಾನಿಯನ್ನು ಎಲ್ಲರೂ ದೀದಿ ಅಂತಿದ್ವಿ. ನನ್ನದೇ ವಯಸ್ಸು ಇರಬಹುದು, ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ. ದಿನಾ ಬೆಳಿಗ್ಗೆ ನಮ್ಮನ್ನು ಕಂಡ ತಕ್ಷಣ ‘ಖಾನಾ ಖಾನುಭಯೋ?’ ಅನ್ನೋಳು. ಅಂದ್ರೆ ನಮ್ಮ ‘ಊಟ ಆಯ್ತಾ?’ನೇ. ಗಂಡ ಎಲ್ಲಿ ಅಂತ ಕೇಳಿದ್ದಕ್ಕೆ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ತಲೆಗೆ ಹೆಲ್ಮೆಟ್, ಹಿಂದೆ ಅರ್ಧ ಎದ್ದ ಕಟ್ಟಡ. ಕತಾರ್‌ನಲ್ಲಿ ಗಾರೆ ಕೆಲಸ!

ಅಂದ್ರೆ ಈ ಊರಿನ ಮೇಸ್ತ್ರಿ ಕಂಡವರ ಕಟ್ಟಡ ಕಟ್ಟೋಕೆ ಕತಾರಿಗೆ ಹೋಗಿದ್ದಾನೆ. ಅವನ ಮನೆ ಕಟ್ಟೋಕೆ, ಕರಣೆ ಹಿಡಿಯೋಕೂ ಬಾರದ ನಾವು ಬೆಂಗಳೂರಿನಿಂದ ಬಂದಿದ್ದೀವಿ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಟಿಕೆಟ್ಟು, ಸಂಸ್ಥೆಗೆ ಕಟ್ಟಿದ್ದು ಎಲ್ಲ ಸೇರಿ ನನ್ನೊಬ್ಬಳ ಖರ್ಚು 42 ಸಾವಿರ. ನಮ್ಮ ಒಂದು ರೂಪಾಯಿ ಅಂದ್ರೆ ಅವರ 1.60, ಹಾಗಾಗಿ ನೇಪಾಳಿ ದುಡ್ಡಲ್ಲಿ 67 ಸಾವಿರದ ಮೇಲೆ. ಮನೆ ಕಟ್ಟಿಕೊಳ್ಳೋಕೆ ಅಲ್ಲಿನ ಸರ್ಕಾರ ಒಂದು ಕುಟುಂಬಕ್ಕೆ ಕೊಡ್ತಿದ್ದದ್ದು ಮೂರು ಕಂತಲ್ಲಿ 3 ಲಕ್ಷ. ಮೊದಲ ಕಂತು 50 ಸಾವಿರ. ದೀದಿಯ ಪಾಯಕ್ಕೆ ಬಂದ ದುಡ್ಡಿಗಿಂತ ನನ್ನ ಪ್ರಯಾಣದ ಖರ್ಚೇ ಜಾಸ್ತಿ. ನಿದ್ದೆ ಬರಲಿಲ್ಲ.

ಕೆಲಸದ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿನ ಹಳೇ ಮನೆಗಳು ಬಿದ್ದಿದ್ದಕ್ಕೆ ಕಾರಣ ಕಲ್ಲು, ಮಣ್ಣಷ್ಟೇ ಅಲ್ಲ. ಗೋಡೆಯ ಒಳಮೈ ಹೊರಮೈ ಬೇರೆ ಬೇರೆಯಾಗಿ ನಿಂತಿದ್ದವು, ನಾಲ್ಕು ಗೋಡೆಗಳನ್ನು ಹಿಡಿದಿಡೋದು ಏನೂ ಇರಲಿಲ್ಲ. ಹೊಸ ಮನೆಗಳಲ್ಲಿ ಅಲ್ಲಲ್ಲಿ ಗೋಡೆಯ ಪೂರ್ತಿ ಅಗಲಕ್ಕೆ ಕೂರುವ ಉದ್ದ ಕಲ್ಲು ಇಡ್ತಾರೆ. ಕಿಟಕಿಯ ಕೆಳಗೆ, ಬಾಗಿಲ ಮೇಲೆ ಮರದ್ದೋ ಕಾಂಕ್ರೀಟಿನದೋ ಪಟ್ಟಿ ಸುತ್ತಿಸ್ತಾರೆ, ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ. ಎಂಜಿನಿಯರ್ ಬಂದು ನೋಡಿ ಒಪ್ಪಿದರಷ್ಟೇ ಮುಂದಿನ ಕಂತು.

ಎರಡನೇ ದಿನ ನಾನು ಇಟ್ಟ ಕಲ್ಲಿನ ಸಾಲನ್ನು, ಸಂಜೆ ನಾವು ಹೊರಟ ಮೇಲೆ ಅಲ್ಲಿನ ವಯಸ್ಸಾದ ಮಿಸ್ತ್ರಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಮರೆತ ನೀರಿನ ಬಾಟಲಿ ತರೋಕೆ ವಾಪಸ್ ಹೋದವಳು ಕಣ್ಣಾರೆ ನೋಡಿದೆ. ಅವರು ನಾಚಿಕೊಂಡು ನಕ್ಕರು. ನಾಚಿಕೆ ಆಗಬೇಕಿದ್ದದ್ದು ನನಗೆ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಗೋಡೆ ತೋರಿಸಿದೆ. ‘ಜಾಯಿಂಟ್ ಮೇಲೆ ಜಾಯಿಂಟ್ ಬಿಟ್ಟಿದೀಯಲ್ಲೇ, ಬಿಚ್ಚದೆ ಪೂಜೆ ಮಾಡ್ತಾರಾ? ನೀನು ಕಲ್ಲು ಇಡಬೇಡ. ಅವರಿಗೆ ಕಲ್ಲು ಎತ್ತಿಕೊಡು, ಮಣ್ಣು ಕಲಸು. ಒಳ್ಳೆ ಆಳು ಸಿಕ್ಕಿದ್ರೆ ಮೇಸ್ತ್ರಿ ಕೆಲಸ ಎರಡರಷ್ಟು ಓಡುತ್ತೆ’ ಅಂದ.

ಉಳಿದ ಎಂಟು ದಿನ ನಾನು ಆಳು. ಬೆನ್ನು ಹಿಡಿದುಕೊಂಡಿತು, ಅಂಗೈ ಬೊಬ್ಬೆ ಎದ್ದು ಒಡೆಯಿತು. ಆದ್ರೆ ನನ್ನ ಕೈಯಿಂದ ಹೋದ ಕಲ್ಲನ್ನು ಆಮೇಲೆ ಯಾರೂ ಬಿಚ್ಚಲಿಲ್ಲ. ಬಾಂಡ್ಲಿ ಹೊತ್ತ ನನ್ನ ಫೋಟೋವನ್ನು ಸಹೋದ್ಯೋಗಿಯೊಬ್ಬರು ಹಾಕಿದಾಗ ಮುನ್ನೂರು ಲೈಕ್ ಬಂತು, ‘ಗ್ರೇಟ್’, ‘ಪ್ರೌಡ್ ಆಫ್ ಯೂ’ ಅಂತೆಲ್ಲ. ಓದುತ್ತಾ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತು. ಅಪ್ಪ ಬಾಂಡ್ಲಿ ಹೊತ್ತ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಕಾಲೇಜಲ್ಲಿ ಕೇಳಿದವರಿಗೆ ‘ಅಪ್ಪ ಕಾಂಟ್ರಾಕ್ಟರ್’ ಅಂತ ಹೇಳಿಕೊಂಡು ಓಡಾಡಿದವಳು ನಾನೇ.

ಹಾಗಾದ್ರೆ ಹೋಗಲೇಬಾರದಾ? ಹಾಗನ್ನಲ್ಲ. ನಮ್ಮ ಜೊತೆ ಆ ಹತ್ತು ದಿನ ಊರಿನ ನಾಲ್ಕು ಜನಕ್ಕೆ ಕೂಲಿ ಸಿಕ್ತು. ನಾಲ್ಕು ಗೋಡೆ ಕಿಟಕಿಯ ಮಟ್ಟಕ್ಕೆ ಬಂತು. ಆದ್ರೆ ನೀವು ಹೊರಡೋ ಮುಂಚೆ ಎರಡು ಪ್ರಶ್ನೆ ಕೇಳಿ. ಅಲ್ಲಿ ಊರಿನ ಮೇಸ್ತ್ರಿಗೆ ಕೂಲಿ ಕೊಟ್ಟು ಕೆಲಸ ಮಾಡಿಸ್ತಾರಾ? ನಾವು ವಾಪಸ್ ಬಂದ ಮೇಲೆ ಮನೆ ಪೂರ್ತಿ ಮಾಡೋರು ಯಾರು? ಸರಿಯಾದ ಉತ್ತರ ಬರದಿದ್ರೆ ಟಿಕೆಟ್ಟಿನ ದುಡ್ಡನ್ನೇ ಕಳಿಸಿಬಿಡಿ.

ಬೀಳ್ಕೊಡುವಾಗ ದೀದಿ ಕೇಳಿದಳು, ‘ನಿಮ್ಮಪ್ಪನೂ ಮಿಸ್ತ್ರಿ ಅಲ್ವಾ, ನಿಮ್ಮ ಮನೆ ಚೆನ್ನಾಗಿ ಕಟ್ಟಿರಬೇಕು?’ ನಾನು ನಕ್ಕು ಸುಮ್ಮನಾದೆ. ನಮ್ಮ ಮನೆಯ ಹೊರಗೋಡೆಗೆ ಇವತ್ತಿಗೂ ಪ್ಲಾಸ್ಟರಿಂಗ್ ಆಗಿರಲಿಲ್ಲ. ಇಟ್ಟಿಗೆ ಹಾಗೇ ಕಾಣ್ತಿತ್ತು. ಅಪ್ಪನಿಗೆ ಯಾವತ್ತೂ ಬಿಡುವಾಗಿರಲಿಲ್ಲ, ನನ್ನ ಫೀಸು ಕಟ್ಟಿದ ಮೇಲೆ ದುಡ್ಡೂ ಉಳೀತಿರಲಿಲ್ಲ.

ಮುಂದಿನ ತಿಂಗಳ ಸಂಬಳದಲ್ಲಿ ಸಿಮೆಂಟು, ಮರಳು ತರಿಸಿದೆ. ಭಾನುವಾರ ಬೆಳಿಗ್ಗೆ ಹಳೇ ಚೂಡಿದಾರ ಹಾಕಿಕೊಂಡು ಕರಣೆಗೆ ಕೈ ಹಾಕಿದೆ. ಅಪ್ಪ ಅದನ್ನು ಕಿತ್ತುಕೊಂಡು ಬಾಂಡ್ಲಿ ಕೈಗಿಟ್ಟ.

‘ಮೇಸ್ತ್ರಿ ನಾನು. ನೀನು ಆಳು. ಕಲಸು.’

ಅವನು ನೋಡದೇ ಇದ್ದಾಗ ಒಂದು ಫೋಟೋ ತೆಗೆದುಕೊಂಡೆ. ಈಗ ನನ್ನ ಮೊಬೈಲಿನ ವಾಲ್‌ಪೇಪರ್ ಅದೇ.