ಬಿಪಿ ನೋಡುವ ಮೇಜಿನಲ್ಲೇ ಮನಸ್ಸನ್ನೂ ವಿಚಾರಿಸಲಿ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕಲಬುರಗಿ ಇವರಿಗೆ

ಮಾನ್ಯರೆ,

ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ಚಿಕಿತ್ಸೆಯ ಮೂಲ ತರಬೇತಿ ಕೊಡಲೇಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 31ನೇ ಕಲಂ ಹೇಳುತ್ತದೆ. ಆ ತರಬೇತಿ ನಮ್ಮ ಜಿಲ್ಲೆಯಲ್ಲಿ ಹೇಗಿರಬೇಕೆಂದು ಜೇವರ್ಗಿ ಕಾಲೋನಿಯ ನಿವಾಸಿಯಾಗಿ ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಕಮಲಾಪುರದಲ್ಲಿರುವ ನನ್ನ ಸೋದರತ್ತೆಗೆ ಬಿಪಿ, ಶುಗರ್ ಎರಡೂ ಇವೆ. ಮಾವ ತೀರಿಕೊಂಡ ಮೇಲೆ "ಎದಿ ಢವಢವ ಅಂತದ, ನಿದ್ದಿ ಹತ್ತವಲ್ದು" ಎನ್ನತೊಡಗಿದರು. ನಗರದ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು. ಇಸಿಜಿ ತೆಗೆದರು, ರಕ್ತ ನೋಡಿದರು, ಏನೂ ಇಲ್ಲವೆಂದು ಟಾನಿಕ್ ಬರೆದು ಕಳಿಸಿದರು. ಶುಗರ್ ಗುಳಿಗೆಯನ್ನೇ ಅತ್ತೆ ಬಿಟ್ಟಿದ್ದಾರೆಂದು ಎಷ್ಟೋ ದಿನಗಳ ನಂತರ ತಿಳಿಯಿತು. ಕೇಳಿದರೆ, "ಯಾರ ಸಲುವಾಗಿ ನುಂಗಲಿ?" ಎಂದರು. ಖಿನ್ನತೆ ಗುರುತಿಸದೆ ಸಕ್ಕರೆಯ ಅಂಕಿಯೊಂದನ್ನೇ ನೋಡಿದರೆ ಡೋಸ್ ಏರುತ್ತದೆಯೇ ಹೊರತು ಕಾಯಿಲೆ ಇಳಿಯುವುದಿಲ್ಲ.

ಎರಡನ್ನೂ ಒಟ್ಟಿಗೆ ನೋಡಿದರೆ ಏನಾಗುತ್ತದೆಂಬುದಕ್ಕೆ ಪುರಾವೆಯಿದೆ. ಬೆಂಗಳೂರು, ಚೆನ್ನೈ, ವಿಶಾಖಪಟ್ಟಣ, ದೆಹಲಿಗಳಲ್ಲಿ ಮಧುಮೇಹದ ಜೊತೆ ಖಿನ್ನತೆಯೂ ಇದ್ದ 404 ಮಂದಿಯ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರ ಬೆನ್ನಿಗೆ ತರಬೇತಿ ಪಡೆದ ಆರೈಕೆ ಸಂಯೋಜಕರು ನಿಂತರು. ಅವರಿಗೆ ತಜ್ಞ ವೈದ್ಯರು ಮಾರ್ಗದರ್ಶನ ಮಾಡಿದರು. ಎರಡು ವರ್ಷದ ಬಳಿಕ ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಶುಗರ್, ಬಿಪಿ, ಕೊಲೆಸ್ಟೆರಾಲ್‌ಗಳಲ್ಲಿ ಒಂದಾದರೂ ತಗ್ಗಿದ್ದು ಈ ಗುಂಪಿನಲ್ಲಿ ನೂರಕ್ಕೆ ಸುಮಾರು 72 ಜನರಿಗೆ. ಮಾಮೂಲಿ ಚಿಕಿತ್ಸೆಯವರಲ್ಲಿ 57 ಜನರಿಗೆ.

ದೂರದ ಮಾತೇಕೆ, 1985ರಲ್ಲಿ ನಿಮ್ಹಾನ್ಸ್ ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸಿ ನೋಡಿಕೊಳ್ಳುವ ಕೆಲಸ ಕಲಿಸಿತ್ತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ದೇಶಕ್ಕೆ ದಾರಿ ತೋರಿಸಿದ ಸೀಮೆಯ ಜನ ಈಗಲೂ ಎದೆಬಡಿತಕ್ಕೆ ಟಾನಿಕ್ ಕುಡಿಯಬೇಕೆ?

ಸಭಾಂಗಣದಲ್ಲಿ ಎರಡು ದಿನ ಉಪನ್ಯಾಸ ಕೇಳಿಸಿ ಪ್ರಮಾಣಪತ್ರ ಕೊಡುವ ತರಬೇತಿಯಲ್ಲಿ ನನಗೆ ನಂಬಿಕೆಯಿಲ್ಲ. ವೈದ್ಯರ ಓಪಿಡಿಯಲ್ಲೇ, ರೋಗಿ ಎದುರಿಗಿರುವಾಗಲೇ, ಮನೋವೈದ್ಯರು ವಿಡಿಯೊ ಮೂಲಕ ಜೊತೆಗೂಡಿ ಕಲಿಸುವ ವಿಧಾನವನ್ನು ನಿಮ್ಹಾನ್ಸ್ ರೂಪಿಸಿದೆ. ಅದನ್ನು ಇಲ್ಲಿಗೆ ತನ್ನಿ. ಈ ತರಬೇತಿಗೆ ಕಾಯ್ದೆಯ ಆ ಕಲಂ ವೈದ್ಯರನ್ನಷ್ಟೇ ಹೆಸರಿಸಿದೆ. ನೀವು ನರ್ಸ್‌ಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ಸೇರಿಸಿಕೊಳ್ಳಿ. ಅತ್ತೆ ಗುಳಿಗೆ ಬಿಟ್ಟದ್ದು ಮೊದಲು ತಿಳಿಯಬಹುದಾಗಿದ್ದುದು ಓಣಿಯ ಆಶಾ ಅಕ್ಕನಿಗೆ.

ತಿರುಗಿ ಇನ್ನೊಂದು ಮಾತು. ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಔಷಧಿ ನುಂಗುವವರ ದೇಹವನ್ನು ಯಾರು ನೋಡುತ್ತಾರೆ? ಒಲಾಂಜಪಿನ್‌ನಂಥ ಗುಳಿಗೆ ತೂಕವನ್ನೂ ಸಕ್ಕರೆಯನ್ನೂ ಏರಿಸಬಲ್ಲದು. ಲಿಥಿಯಂ ತೆಗೆದುಕೊಳ್ಳುವವರಿಗೆ ಥೈರಾಯ್ಡ್, ಮೂತ್ರಪಿಂಡಗಳ ಪರೀಕ್ಷೆ ಆಗಾಗ ಆಗಬೇಕು. ಇಂಥವರು ಎದೆನೋವು ಎಂದರೂ ತಲೆಯ ತೊಂದರೆಯೆಂದು ತಳ್ಳಿಹಾಕುವುದುಂಟು. ಮಾನಸಿಕ ಆರೋಗ್ಯಕ್ಕೆಂದೇ ಇರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್‌ಗೆ ಬಂದ ಪ್ರತಿಯೊಬ್ಬರ ಬಿಪಿ, ಶುಗರ್, ತೂಕ ಅಲ್ಲೇ ನೋಡಿ, ಅದೇ ಚೀಟಿಯಲ್ಲಿ ಬರೆಯುವಂತಾಗಲಿ.

ಮೊದಲ ತಂಡವನ್ನು ಕಮಲಾಪುರ ತಾಲ್ಲೂಕಿನಿಂದಲೇ ಆರಿಸಿ ಎಂದು ಕೋರುತ್ತೇನೆ. ತರಬೇತಿ ಶುರುವಾಗುವ ಮುನ್ನವೇ ಅಲ್ಲಿನ ಆರೋಗ್ಯ ಕೇಂದ್ರಗಳ ಔಷಧಿ ಕೋಣೆಗೆ ಖಿನ್ನತೆಯ ಗುಳಿಗೆಗಳು ತಲುಪಿರಲಿ.

ಇತಿ ತಮ್ಮ ವಿಶ್ವಾಸಿ,
ಜೇವರ್ಗಿ ಕಾಲೋನಿಯ ನಿವಾಸಿ