ಪಿಸ್ತೂಲಿಗೂ ಕೈಗೆ ತಕ್ಕ ಹಿಡಿ ಬೇಕು

ಗುದ್ದಲಿ ಹಿಡಿದು ದುಡಿಯುವವರಿಗೆ ಕಾವಿನ ಬೆಲೆ ಗೊತ್ತು. ಕಾವು ದಪ್ಪವಾದರೆ ಹಿಡಿತ ಜಾರುತ್ತದೆ, ಏಟು ತಪ್ಪುತ್ತದೆ. ಹಾಗಂತ ಗುದ್ದಲಿಯನ್ನೇ ಯಾರೂ ಎಸೆಯುವುದಿಲ್ಲ, ಕಾವು ಬದಲಿಸುತ್ತಾರೆ.

ಪೊಲೀಸರ ಪಿಸ್ತೂಲಿಗೆ ಬಹಳ ಕಾಲ ಈ ಅನುಕೂಲ ಇರಲಿಲ್ಲ. ಕೈ ದೊಡ್ಡದಿರಲಿ, ಸಣ್ಣದಿರಲಿ, ಇಲಾಖೆ ಕೊಟ್ಟದ್ದಕ್ಕೇ ಹೊಂದಿಕೊಳ್ಳಬೇಕಿತ್ತು. ಇದಕ್ಕೆ ಉತ್ತರವಾಗಿ ಬಂದದ್ದು ಮಾಡ್ಯುಲರ್ ಪಿಸ್ತೂಲು, ಅಂದರೆ ಭಾಗಗಳನ್ನು ಬದಲಿಸಿ ಜೋಡಿಸಬಹುದಾದ ಪಿಸ್ತೂಲು.

2014ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಸಿಗ್ ಸಾವರ್ ಕಂಪನಿಯ ಪಿ320 ಇದಕ್ಕೆ ಒಳ್ಳೆಯ ಉದಾಹರಣೆ. ಇದರೊಳಗೆ ಟ್ರಿಗರ್ ಕೂತಿರುವ ಒಂದು ಸಣ್ಣ ಲೋಹದ ಚೌಕಟ್ಟಿದೆ. ಸೀರಿಯಲ್ ನಂಬರ್ ಇರುವುದು ಅದರ ಮೇಲೆ, ಕಾನೂನಿನ ಲೆಕ್ಕದಲ್ಲಿ ಅದೇ ಬಂದೂಕು. ಹೊರಗಿನ ಪ್ಲಾಸ್ಟಿಕ್ ಹಿಡಿ, ನಳಿಗೆ, ಸ್ಲೈಡ್ ಎಲ್ಲವನ್ನೂ ಬೇಕಾದ ಅಳತೆಗೆ ಬದಲಿಸಬಹುದು.

ಇದರಿಂದ ಮೂರು ಲಾಭ ಇವೆ.

ಒಂದು, ಗುರಿ. ಸಣ್ಣ ಕೈಯವರು ದಪ್ಪ ಹಿಡಿಯ ಪಿಸ್ತೂಲು ಹಿಡಿದರೆ ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕುವುದಿಲ್ಲ. ಎಳೆಯುವಾಗ ಪಿಸ್ತೂಲು ಪಕ್ಕಕ್ಕೆ ವಾಲುತ್ತದೆ. ತಪ್ಪಿದ ಗುಂಡು ದಾರಿಹೋಕರಿಗೂ ತಗಲಬಹುದು. ಮಹಿಳಾ ಸಿಬ್ಬಂದಿಗೆ ಈ ಕಷ್ಟ ಹೆಚ್ಚು.

ಎರಡು, ತರಬೇತಿ. ಸಮವಸ್ತ್ರದವರಿಗೆ ದೊಡ್ಡದು, ಮಫ್ತಿಯಲ್ಲಿರುವವರಿಗೆ ಚಿಕ್ಕದು ಕೊಟ್ಟರೂ ಟ್ರಿಗರ್ ಒಂದೇ. ಒಮ್ಮೆ ಕಲಿತದ್ದು ಎರಡಕ್ಕೂ ಸಾಕು.

ಮೂರು, ಖರ್ಚು. ಹಿಡಿ ಒಡೆದರೆ ಹಿಡಿ ಮಾತ್ರ ಬದಲಿಸಿದರಾಯಿತು. ನಂಬರ್ ಅದೇ ಇರುವುದರಿಂದ ದಾಖಲೆಯೂ ಬದಲಾಗುವುದಿಲ್ಲ.

ಇಂಥದ್ದೇ ಕಾರಣಗಳಿಗೆ ಅಮೆರಿಕದ ಸೇನೆ 1985ರಿಂದ ಬಳಸುತ್ತಿದ್ದ ಬೆರೆಟ್ಟಾ ಪಿಸ್ತೂಲಿನ ಬದಲು, 2017ರ ಜನವರಿಯಲ್ಲಿ ಪಿ320 ಮಾದರಿಯನ್ನು ಆರಿಸಿತು. ಗುತ್ತಿಗೆಯ ಮೊತ್ತ 58 ಕೋಟಿ ಡಾಲರ್‌ವರೆಗೆ.

ಆದರೆ ಅದೇ ವರ್ಷ ಇನ್ನೊಂದು ಪಾಠವೂ ಸಿಕ್ಕಿತು. ಕೆಲವು ಕೋನದಲ್ಲಿ ಕೆಳಗೆ ಬಿದ್ದರೆ ಪಿ320ರಿಂದ ತಾನಾಗಿಯೇ ಗುಂಡು ಹಾರಬಹುದೆಂದು ಪರೀಕ್ಷೆಗಳಲ್ಲಿ ಕಂಡುಬಂತು. ಡಲ್ಲಾಸ್ ಪೊಲೀಸರು ಅದರ ಬಳಕೆ ನಿಲ್ಲಿಸಿದರು. ಆಗಸ್ಟ್‌ನಲ್ಲಿ ಕಂಪನಿ ಟ್ರಿಗರ್ ಮತ್ತು ಒಳಭಾಗಗಳನ್ನು ಬದಲಿಸಿಕೊಡಲು ಮುಂದೆ ಬಂತು. ಆ ಮೇಲೂ ದೂರು, ಮೊಕದ್ದಮೆಗಳು ನಿಲ್ಲಲಿಲ್ಲ. ತನ್ನ ಪಿಸ್ತೂಲು ಸುರಕ್ಷಿತ ಎಂದೇ ಕಂಪನಿ ಹೇಳುತ್ತಾ ಬಂದಿದೆ.

ಹಾಗಾದರೆ ಮಾಡ್ಯುಲರ್ ಪಿಸ್ತೂಲು ಬೇಡವೇ? ಬೇಕು ಅನ್ನುವುದೇ ನನ್ನ ಅಭಿಪ್ರಾಯ. ತಪ್ಪು ಹಿಡಿ ಬದಲಿಸುವ ವಿಚಾರದಲ್ಲಿ ಇರಲಿಲ್ಲ, ಬಿದ್ದರೂ ಗುಂಡು ಹಾರದಂತೆ ತಡೆಯುವ ಒಳಗಿನ ಏರ್ಪಾಡಿನಲ್ಲಿತ್ತು. ಕೊಳ್ಳುವ ಇಲಾಖೆ ಮೊದಲು ಎಲ್ಲ ಕೋನದಲ್ಲೂ ಬೀಳಿಸಿ ನೋಡಲಿ, ಆಮೇಲೆ ಹಿಡಿಯ ಅಳತೆ ಕೇಳಲಿ.

ನಮ್ಮ ಠಾಣೆಗಳಲ್ಲೂ ಈಗ ಹೆಣ್ಣುಮಕ್ಕಳು ಪಿಸ್ತೂಲು ಹಿಡಿಯುತ್ತಿದ್ದಾರೆ. ಅದು ಅವರ ಕೈಗೆ ಕೂರುತ್ತದೆಯೇ ಎಂದು ಕೇಳುವುದು ಅವರಿಗಾಗಿ ಮಾತ್ರವಲ್ಲ. ಗುಂಡು ಹಾರುವ ಹೊತ್ತಿಗೆ ಆ ಬೀದಿಯಲ್ಲಿ ನಾವು, ನೀವೂ ಇರಬಹುದು.